ಕುಂಡದ ಡೇರೆ ಗಿಡದಲ್ಲಿ ಎಲೆ ಸೊಂಪು, ಹೂ ಮಾತ್ರ ಎರಡೇ? ಹೂ ಹೆಚ್ಚಿಸುವ ಸಮಗ್ರ ಮಾರ್ಗದರ್ಶಿ

ಗಿಡ ಎದೆಮಟ್ಟ ಬೆಳೆದಿದೆ, ಎಲೆ ಕಡುಹಸಿರಾಗಿ ಮಿರುಗುತ್ತಿದೆ, ಹೂ ಮಾತ್ರ ಎರಡೋ ಮೂರೋ. ಕುಂಡದಲ್ಲಿ ಡೇರೆ, ಅಂದರೆ ಡೇಲಿಯಾ, ಬೆಳೆಸುವವರು ನನ್ನ ಮುಂದೆ ಇಡುವ ದೂರು ಬಹುಪಾಲು ಇದೇ. ದೂರಿನ ಬೆನ್ನಿಗೇ ಪ್ರಶ್ನೆಯೂ ಬರುತ್ತದೆ: ಯಾವ ಗೊಬ್ಬರ ಹಾಕಲಿ? ಇಂಥ ಗಿಡಕ್ಕೆ ಗೊಬ್ಬರ ಸಾಮಾನ್ಯವಾಗಿ ಆಗಲೇ ಮಿತಿಮೀರಿರುತ್ತದೆ. ಅದಕ್ಕೆ ಬೇಕಾಗಿರುವುದು ಕತ್ತರಿ.

ಡೇರೆಯ ಹೂ ಕೂರುವುದು ಕೊಂಬೆಯ ತುದಿಯಲ್ಲಿ. ತುದಿಗಳು ಎಷ್ಟೋ ಹೂಗಳೂ ಅಷ್ಟೇ. ತುದಿಗಳನ್ನು ಹೆಚ್ಚಿಸುವ ಕೆಲಸ ಮೊಗ್ಗು ಕಾಣುವುದಕ್ಕೆ ಎಷ್ಟೋ ವಾರ ಮೊದಲೇ ಆಗಿರಬೇಕು. ಆಮೇಲೆ ಎಚ್ಚೆತ್ತು ಏನೇ ಸುರಿದರೂ ಆ ವಾರಗಳು ಮರಳಿ ಬರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಚೂಪಾದ ಸಣ್ಣ ಕತ್ತರಿ, ಅದನ್ನು ಒರೆಸಲು ಸ್ಪಿರಿಟ್ ಮತ್ತು ಬಟ್ಟೆ, ಗಿಡದ ಎತ್ತರಕ್ಕೆ ತಕ್ಕ ಗಟ್ಟಿ ಆಸರೆ ಕೋಲು, ಮೆತ್ತನೆಯ ದಾರ, ತೂತಿರುವ ಕುಂಡ, ಒಂದು ಬಿಳಿ ಕಾಗದ. ಬಿಳಿ ಕಾಗದ ಯಾಕೆ ಎಂಬುದು ಹತ್ತನೆಯ ಹಂತದಲ್ಲಿ ಗೊತ್ತಾಗುತ್ತದೆ. ಮೊಂಡು ಕತ್ತರಿ ಬೇಡವೇ ಬೇಡ. ಡೇರೆಯ ಕಾಂಡ ಒಳಗೆ ಟೊಳ್ಳು, ಮೊಂಡು ಕತ್ತರಿ ಅದನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದ ಜಾಗದಿಂದ ಕೊಳೆಯುವಿಕೆ ಶುರುವಾಗುತ್ತದೆ.

ಹಂತ 1: ತಳಿ ಮತ್ತು ಗಡ್ಡೆಯ ಆಯ್ಕೆ

ಊಟದ ತಟ್ಟೆಯಷ್ಟು ಅಗಲದ ಹೂವೂ ಬೇಕು, ಗಿಡದ ತುಂಬಾ ಹೂವೂ ಬೇಕು ಎಂದರೆ ಕುಂಡದಲ್ಲಿ ಆಗದ ಮಾತು. ದೊಡ್ಡ ಹೂವಿನ ತಳಿಗಳು ಸ್ವಭಾವತಃ ಕಡಿಮೆ ಹೂ ಕೊಡುತ್ತವೆ, ಕೊಡುವುದಕ್ಕೂ ತಡಮಾಡುತ್ತವೆ. ಸಂಖ್ಯೆ ಮುಖ್ಯವಾದರೆ 5ರಿಂದ 10 ಸೆಂ.ಮೀ. ಅಗಲದ ಹೂ ಬಿಡುವ ತಳಿಗಳನ್ನು ಆರಿಸಿ. ಚೆಂಡಿನಂಥ ಪಾಂಪನ್ ಡೇರೆ, ಒಂದೇ ಸುತ್ತಿನ ಎಸಳಿನವು, ಬೀಜದಿಂದ ಬೆಳೆಸುವ ಗಿಡ್ಡ ಜಾತಿಗಳು ಕುಂಡಕ್ಕೆ ಚೆನ್ನಾಗಿ ಒಗ್ಗುತ್ತವೆ.

ಗಡ್ಡೆ ಕೊಳ್ಳುವಾಗ ಗಾತ್ರಕ್ಕೆ ಮರುಳಾಗಬೇಡಿ. ಚಿಗುರು ಬರುವುದು ಗಡ್ಡೆಯ ಹೊಟ್ಟೆಯಿಂದಲ್ಲ. ಗಡ್ಡೆಯ ಕುತ್ತಿಗೆ ಹಳೆಯ ಕಾಂಡವನ್ನು ಸೇರುವ ಕಡೆ ಸಾಸಿವೆಯಷ್ಟು ಉಬ್ಬಿದ ಕಣ್ಣಿರುತ್ತದೆ, ಚಿಗುರುವುದು ಅಲ್ಲಿಂದ ಮಾತ್ರ. ಕಣ್ಣಿಲ್ಲದ ಗಡ್ಡೆ ಮುಷ್ಟಿಗಾತ್ರದ್ದಾದರೂ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ. ಕುತ್ತಿಗೆ ಮುರಿದು ನೇತಾಡುವ ಗಡ್ಡೆಯದೂ ಇದೇ ಕಥೆ. ಒತ್ತಿದರೆ ಮೆತ್ತಗಾಗುವ, ಹುಳಿ ವಾಸನೆ ಬರುವ ಗಡ್ಡೆ ಬೇಡ. ಸ್ವಲ್ಪ ಸುಕ್ಕಾಗಿದ್ದರೆ ಚಿಂತೆಯಿಲ್ಲ.

ಹಂತ 2: ಕುಂಡ ಮತ್ತು ಮಣ್ಣು

ಗಿಡ್ಡ ತಳಿಗೆ 25ರಿಂದ 30 ಸೆಂ.ಮೀ. ಅಗಲ ಮತ್ತು ಅಷ್ಟೇ ಆಳದ ಕುಂಡ ಸಾಕು. ಮೂರಡಿ ದಾಟುವ ಗಿಡಕ್ಕೆ 40 ಸೆಂ.ಮೀ.ಗಿಂತ ಕಡಿಮೆ ಬೇಡ. ಒಂದು ಕುಂಡಕ್ಕೆ ಒಂದೇ ಗಡ್ಡೆ. ಮೂರು ಬಣ್ಣ ಒಟ್ಟಿಗೆ ಚೆನ್ನಾಗಿ ಕಾಣುತ್ತದೆಂದು ಮೂರು ನೆಟ್ಟರೆ ಬೇರುಗಳು ಒಂದನ್ನೊಂದು ಹಿಂಡಿ, ಮೂರೂ ಸೇರಿ ಒಂದು ಗಿಡದಷ್ಟು ಹೂ ಕೊಡುತ್ತವೆ.

ತಳದಲ್ಲಿ ಕನಿಷ್ಠ ನಾಲ್ಕು ತೂತುಗಳಿರಲಿ. ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರು ತುಂಬುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಿ. ನುಣ್ಣನೆಯ ಮಣ್ಣು ತನ್ನೊಳಗೆ ಹಿಡಿದಿಟ್ಟ ನೀರನ್ನು ಕೆಳಗಿನ ಒರಟು ಪದರಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿಯಿಂದ ಆಗುವುದಿಷ್ಟೆ: ತೇವ ನಿಲ್ಲುವ ಪದರ ಮೇಲೇರಿ ಬೇರಿಗೆ ಹತ್ತಿರವಾಗುತ್ತದೆ, ಬೇರಿನ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ತುಂಡು ಬಲೆ ಇಟ್ಟರೆ ಸಾಕು.

ಮಣ್ಣಿನ ಮಿಶ್ರಣಕ್ಕೆ ನಾನು ಬಳಸುವ ಅಳತೆ: ಎರಡು ಪಾಲು ಸಡಿಲವಾದ ತೋಟದ ಮಣ್ಣು, ಎರಡು ಪಾಲು ಪೂರ್ತಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಾಗ ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ತಟ್ಟಿದರೂ ಉದುರದ ಮಣ್ಣಿನಲ್ಲಿ ಗಡ್ಡೆ ಕೊಳೆಯುತ್ತದೆ. ಅರ್ಧಂಬರ್ಧ ಕಳಿತ ಸಗಣಿಗೊಬ್ಬರವನ್ನು ಗಡ್ಡೆಯ ಹತ್ತಿರಕ್ಕೂ ತರಬೇಡಿ.

ಹಂತ 3: ನೆಡುವುದು, ಆಮೇಲೆ ಕೈಕಟ್ಟಿ ಕೂರುವುದು

ಕುಂಡವನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೆ ತುಂಬಿ. ಮೊದಲು ಆಸರೆ ಕೋಲನ್ನು ನಿಲ್ಲಿಸಿ, ಆಮೇಲೆ ಗಡ್ಡೆ ಇಡಿ. ಬಹಳಷ್ಟು ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಗಿಡ ವಾಲಿದಾಗ ಕೋಲು ನೆನಪಾಗುತ್ತದೆ, ಆಗ ಚುಚ್ಚಿದ ಕೋಲು ಸೀದಾ ಗಡ್ಡೆಯೊಳಗೆ ಇಳಿಯುತ್ತದೆ.

ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ. ಕಣ್ಣು ಮೇಲ್ಮುಖವಾಗಿ, ಕೋಲಿನ ಪಕ್ಕಕ್ಕೆ ಬರಲಿ. ಮೇಲೆ 5ರಿಂದ 7 ಸೆಂ.ಮೀ. ಮಣ್ಣು ಹಾಕಿ. ಚಿಗುರು ಮೇಲೇರಿದಂತೆ ಎರಡು ಮೂರು ಸಲ ಮಣ್ಣು ಸೇರಿಸುತ್ತಾ ಕುಂಡದ ಅಂಚಿಗಿಂತ ಮೂರು ಬೆರಳು ಕೆಳಗಿನವರೆಗೆ ತುಂಬಿಸಿ. ಹೀಗೆ ಮಾಡಿದರೆ ಬುಡ ಅಲುಗಾಡದೆ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ಕೈಕಟ್ಟಿ ಕೂರುವ ಭಾಗ. ನೆಡುವಾಗ ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಾಗಿದ್ದರೆ ಚಿಗುರು ಮೇಲೆ ಕಾಣುವವರೆಗೂ ನೀರು ಬೇಡ. ಬೇರಿಲ್ಲದ ಗಡ್ಡೆ ನೀರು ಕುಡಿಯುವುದಿಲ್ಲ, ನೀರಿನಲ್ಲಿ ನೆನೆಯುತ್ತದೆ ಅಷ್ಟೆ. ಎರಡರಿಂದ ನಾಲ್ಕು ವಾರ ಏನೂ ಕಾಣದೆ ಇರಬಹುದು. ಮೇಲ್ಮಣ್ಣು ಪುಡಿಪುಡಿಯಾದರೆ ಕುಂಡದ ಅಂಚಿನ ಸುತ್ತ ಒಂದು ಲೋಟ ನೀರು ಚಿಮುಕಿಸಿ, ಸಾಕು. ಮಣ್ಣು ಕೆದಕಿ ನೋಡುವ ಚಪಲ ನನಗೂ ಇತ್ತು. ಕೆದಕಿದ ಬೆರಳಿಗೇ ಎಳೆ ಚಿಗುರು ಮುರಿದು ಬಂದ ಮೇಲೆ ಆ ಚಪಲ ತಾನಾಗಿ ಹೋಯಿತು.

ನರ್ಸರಿಯಿಂದ ತಂದ ಬೇರು ಬಿಟ್ಟ ಸಸಿಗೆ ಈ ನಿಯಮ ಅನ್ವಯಿಸುವುದಿಲ್ಲ. ನೆಟ್ಟ ದಿನವೇ ಚೆನ್ನಾಗಿ ನೀರು ಕೊಡಿ, ಎರಡು ಮೂರು ದಿನ ತೆಳುವಾದ ನೆರಳಿನಲ್ಲಿಡಿ.

ಹಂತ 4: ಬಿಸಿಲನ್ನು ಅಂದಾಜಿನಲ್ಲಿ ಬಿಡಬೇಡಿ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು, 8 ಸಿಕ್ಕರೆ ಇನ್ನೂ ಒಳ್ಳೆಯದು. 'ನಮ್ಮ ಬಾಲ್ಕನಿಯಲ್ಲಿ ದಿನವಿಡೀ ಬೆಳಕಿದೆ' ಎನ್ನುವವರೇ ಹೆಚ್ಚು. ಬೆಳಕು ಬೇರೆ, ಬಿಸಿಲು ಬೇರೆ. ರಜೆಯ ದಿನ ಗಂಟೆಗೊಮ್ಮೆ ಹೋಗಿ ಎಲೆಯ ಮೇಲೆ ನೇರ ಬಿಸಿಲು ಬಿದ್ದಿದೆಯೇ ನೋಡಿ, ಬರೆದಿಡಿ. ಎಂಟು ಗಂಟೆ ಎಂದುಕೊಂಡ ಜಾಗದಲ್ಲಿ ಮೂರೂವರೆ ಗಂಟೆ ಸಿಕ್ಕರೆ ಆಶ್ಚರ್ಯಪಡಬೇಡಿ. ಸೂರ್ಯನ ಓಟ ಬದಲಾದಂತೆ ಈ ಲೆಕ್ಕವೂ ಬದಲಾಗುತ್ತದೆ. ತಿಂಗಳಿಗೊಮ್ಮೆ ಮತ್ತೆ ನೋಡಿ.

ಬಿಸಿಲು ಸಾಲದಿದ್ದರೆ ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಕಾಂಡ ಸಪೂರವಾಗಿ ಬೆಳಕಿನತ್ತ ವಾಲುತ್ತದೆ. ಇದನ್ನು ಗೊಬ್ಬರ ಸರಿಪಡಿಸುವುದಿಲ್ಲ. ಜಾಗ ಬದಲಿಸಿ, ಕುಂಡದ ಅನುಕೂಲವೇ ಅದು. ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಿದರೆ ನಾಲ್ಕೂ ಕಡೆ ಕೊಂಬೆ ಬರುತ್ತದೆ.

ಬಿಸಿಲು ಬೇಕು, ಸೆಕೆ ಬೇಡ. ತಾಪಮಾನ 32 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಡೇರೆ ಹೂವಿನ ಕೆಲಸ ನಿಧಾನಿಸುತ್ತದೆ. ಆಗ ಬೆಳಗಿನ ಬಿಸಿಲು ಪೂರ್ತಿ ಕೊಟ್ಟು ಮಧ್ಯಾಹ್ನದ ನಂತರ ನೆರಳು ಮಾಡಿ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಬೇರು ಬೇಯುತ್ತದೆ. ಅದನ್ನು ದೊಡ್ಡದೊಂದು ಕುಂಡದೊಳಗೆ ಇಳಿಸಿ, ಅಥವಾ ಹೊರಮೈಗೆ ಗೋಣಿ ಸುತ್ತಿ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಒಣ ತರಗೆಲೆ ಹರಡಿ, ಕಾಂಡಕ್ಕೆ ಮಾತ್ರ ತಾಗಬಾರದು.

ಹಂತ 5: ಕುಡಿ ಚಿವುಟುವುದು

ಹೂವಿನ ಸಂಖ್ಯೆ ನಿರ್ಧಾರವಾಗುವುದು ಇಲ್ಲೇ. ಇಲ್ಲೇ ಎಲ್ಲರ ಕೈ ನಡುಗುವುದೂ ಹೌದು.

ಡೇರೆಯ ಎಲೆಗಳು ಎದುರುಬದುರಾಗಿ, ಜೋಡಿಜೋಡಿಯಾಗಿ ಬರುತ್ತವೆ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಮಲಗಿದ ಮೊಳಕೆ ಇರುತ್ತದೆ. ನೆತ್ತಿಯ ಕುಡಿ ಇರುವಷ್ಟು ಕಾಲ ಅದು ಕಳುಹಿಸುವ ಹಾರ್ಮೋನು ಕೆಳಗಿನ ಮೊಳಕೆಗಳನ್ನು ಏಳಗೊಡುವುದಿಲ್ಲ. ನೆತ್ತಿ ಹೋದ ಕೆಲವೇ ದಿನಗಳಲ್ಲಿ ಅವೆಲ್ಲ ಒಟ್ಟಿಗೆ ಕಣ್ಣು ಬಿಡುತ್ತವೆ.

ಲೆಕ್ಕ ಹಾಕಿ ನೋಡಿ. ಮೂರು ಜೋಡಿ ಎಲೆ ಬಿಟ್ಟು ಚಿವುಟಿದರೆ ಆರು ಕೊಂಬೆ. ಪ್ರತಿ ಕೊಂಬೆಯ ತುದಿಯಲ್ಲಿ ಸಾಮಾನ್ಯವಾಗಿ ನಡುವೆ ಒಂದು, ಅಕ್ಕಪಕ್ಕ ಎರಡು, ಹೀಗೆ ಮೂರು ಮೊಗ್ಗು. ಮೊದಲ ಸುತ್ತಿಗೇ ಹದಿನೆಂಟು. ಚಿವುಟದ ಗಿಡ ಅದೇ ಹೊತ್ತಿಗೆ ಒಂದೇ ನೆತ್ತಿಯಲ್ಲಿ ಮೂರು ಮೊಗ್ಗು ಹೊತ್ತು ನಿಂತಿರುತ್ತದೆ.

*ಯಾವಾಗ:* ಗಿಡ 25ರಿಂದ 30 ಸೆಂ.ಮೀ. ಎತ್ತರವಾಗಿ, ನಾಲ್ಕು ಜೋಡಿ ಪೂರ್ಣ ಎಲೆಗಳು ಬಂದಾಗ. ಎಲೆ ಹಳದಿಯಾಗಿದ್ದರೆ, ಗಿಡ ಆಗಷ್ಟೇ ಕುಂಡ ಬದಲಿಸಿಕೊಂಡಿದ್ದರೆ ಒಂದು ವಾರ ತಡೆಯಿರಿ.

*ಎಲ್ಲಿ:* ಕೆಳಗಿನಿಂದ ಎಲೆಜೋಡಿ ಎಣಿಸಿ. ಮೂರನೆಯ ಅಥವಾ ನಾಲ್ಕನೆಯ ಜೋಡಿಯ ಮೇಲೆ, ಗೆಣ್ಣಿನಿಂದ ಅರ್ಧ ಸೆಂ.ಮೀ. ಅಂತರದಲ್ಲಿ ಕತ್ತರಿಸಿ. ಬೆಳಿಗ್ಗೆ ಮಾಡಿದರೆ ಸಂಜೆಯೊಳಗೆ ಗಾಯ ಒಣಗುತ್ತದೆ.

*ಹೇಗೆ:* ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಲೆಗಳನ್ನು ಮೆಲ್ಲಗೆ ಬಿಡಿಸಿ ನೋಡಿ. ಹೊರಗೆ ಅರ್ಧ ತೆರೆದ ಒಂದು ಜೋಡಿ, ಅದರೊಳಗೆ ಮಡಚಿದ ಇನ್ನೊಂದು ಜೋಡಿ, ಅದರ ಮಧ್ಯೆ ಅಕ್ಕಿಕಾಳಿನ ತುದಿಯಷ್ಟು ಎಳೆಹಸಿರು ಕುಡಿ. ತೆಗೆಯಬೇಕಾದದ್ದು ಆ ಕುಡಿ. ಹೊರಗಿನ ಎಲೆಗಳನ್ನಷ್ಟೇ ಕಿತ್ತು 'ಚಿವುಟಿಯಾಯಿತು' ಎಂದುಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಒಳಗಿನ ಕುಡಿ ಉಳಿದರೆ ವಾರದೊಳಗೆ ಅದೇ ನೆತ್ತಿ ಮತ್ತೆ ಮೇಲೇರುತ್ತದೆ. ಏಳನೆಯ ದಿನ ತಪ್ಪದೆ ಪರೀಕ್ಷಿಸಿ.

ಮೊದಲ ಹೂ ಎರಡು ಮೂರು ವಾರ ತಡವಾಗುತ್ತದೆ. ಪಕ್ಕದವರ ಗಿಡ ಆಗಲೇ ಹೂ ಬಿಟ್ಟಿರುತ್ತದೆ, ನಿಮ್ಮದು ಪೊದೆಯಂತೆ ಕೂತಿರುತ್ತದೆ. ತಾಳಿ. ಈ ಮೂರು ವಾರವನ್ನು ತಾಳಲಾರದೆ ಚಿವುಟುವುದನ್ನೇ ಬಿಟ್ಟವರನ್ನು ಬಹಳ ಕಂಡಿದ್ದೇನೆ.

ಗಿಡ ಎರಡಡಿ ದಾಟಿ ಮೊಗ್ಗನ್ನೂ ಕಟ್ಟಿದ್ದರೆ? ಆಗಲೂ ಚಿವುಟಬಹುದು, ಆದರೆ ಕಾಂಡ ದಪ್ಪಗಾಗಿ ಟೊಳ್ಳಾಗಿರುತ್ತದೆ. ಅಡ್ಡ ಕತ್ತರಿಸಿದರೆ ಕೊಳವೆಯಲ್ಲಿ ನೀರು ನಿಂತು ಕೆಳಗಿನವರೆಗೂ ಕೊಳೆಯುತ್ತದೆ. ಗೆಣ್ಣಿಗೆ ಒತ್ತಿದಂತೆ ಓರೆಯಾಗಿ ಕತ್ತರಿಸಿ, ಒಂದೆರಡು ದಿನ ಆ ಜಾಗಕ್ಕೆ ನೀರು ಬೀಳದಂತೆ ನೋಡಿಕೊಳ್ಳಿ.

ಸಣ್ಣ ಹೂವಿನ ತಳಿಯಾದರೆ ಎರಡನೆಯ ಸಲವೂ ಚಿವುಟಬಹುದು. ಪ್ರತಿ ಕೊಂಬೆಯಲ್ಲಿ ಎರಡು ಜೋಡಿ ಎಲೆ ಬಂದ ಮೇಲೆ ಅದರ ತುದಿ ತೆಗೆಯಿರಿ. ಇನ್ನೆರಡು ವಾರ ತಡವಾಗುತ್ತದೆ. ಹೂವಿನ ಕಾಲ ಚಿಕ್ಕದಾಗಿದ್ದರೆ ಈ ದುರಾಸೆ ಬೇಡ. ದೊಡ್ಡ ಹೂವಿನ ತಳಿಗೆ ಎರಡನೆಯ ಚಿವುಟು ಬೇಡವೇ ಬೇಡ. ಮೊದಲ ಸಲ ಬಂದ ಕೊಂಬೆಗಳಲ್ಲೂ ಗಟ್ಟಿಯಾದ ನಾಲ್ಕೈದನ್ನು ಉಳಿಸಿ, ಸಪೂರವಾದವನ್ನು ಬುಡದಿಂದ ತೆಗೆದುಬಿಡಿ.

ಕಿತ್ತ ಕುಡಿಯನ್ನು ಎಸೆಯಬೇಕಾಗಿಲ್ಲ. 7-8 ಸೆಂ.ಮೀ. ಉದ್ದವಿದ್ದರೆ ಕೆಳಗಿನ ಎಲೆ ತೆಗೆದು, ಒಂದು ಗೆಣ್ಣು ಒಳಗಿರುವಂತೆ ತೇವದ ಮರಳು ಮಿಶ್ರಣದಲ್ಲಿ ನೆರಳಿನಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಅಮ್ಮನ ಗಿಡದ ಹೂವೇ ಇದರಲ್ಲೂ ಬರುತ್ತದೆ.

ಹಂತ 6: ನೀರು

ಕೊಂಬೆ ಒಡೆದ ಮೇಲೆ ಗಿಡದ ದಾಹವೂ ಹೆಚ್ಚುತ್ತದೆ. ಗಡಿಯಾರ ನೋಡಿ ನೀರು ಹಾಕಬೇಡಿ, ಬೆರಳಿಟ್ಟು ನೋಡಿ. ಎರಡು ಗೆಣ್ಣು ಆಳದಲ್ಲಿ ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ದಿನಾ ಒಂದೊಂದು ಲೋಟ ಹಾಕುವ ಅಭ್ಯಾಸವಿದ್ದರೆ ಮೇಲಿನ ಎರಡಂಗುಲವಷ್ಟೇ ಒದ್ದೆಯಾಗಿ, ತಳದ ಬೇರುಗಳು ಒಣಗಿ, ಮೊಗ್ಗು ಕರಗುತ್ತವೆ.

ಮಧ್ಯಾಹ್ನ ಎಲೆ ಜೋತುಬಿದ್ದಿತೆಂದು ಓಡಿ ನೀರು ಸುರಿಯುವ ಮೊದಲು ಮಣ್ಣು ಮುಟ್ಟಿ ನೋಡಿ. ಮಣ್ಣು ತೇವವಾಗಿದ್ದು, ಸಂಜೆಗೆ ಎಲೆ ತಾನಾಗಿ ಎದ್ದರೆ ಅದು ಬಿಸಿಲಿನ ಆಯಾಸ, ಬೇರೇನಲ್ಲ. ಬೆಳಗಿನ ತಂಪಿನಲ್ಲೂ ಜೋತುಬಿದ್ದಿದ್ದರೆ ಮಾತ್ರ ಗಾಬರಿಯಾಗಿ: ಒಂದೋ ಮಣ್ಣು ಪೂರ್ತಿ ಒಣಗಿದೆ, ಇಲ್ಲವೇ ಬೇರು ಕೊಳೆತಿದೆ.

ಒಮ್ಮೆ ಪೂರ್ತಿ ಒಣಗಿದ ನಾರಿನ ಮಿಶ್ರಣ ನೀರನ್ನು ಹೀರುವುದೇ ಇಲ್ಲ. ಹಾಕಿದ ನೀರು ಕುಂಡದ ಗೋಡೆಯ ಬದಿಯಿಂದ ಜಾರಿ ತಕ್ಷಣ ಕೆಳಗೆ ಬರುತ್ತದೆ, ನಾವು ತೃಪ್ತರಾಗುತ್ತೇವೆ, ಗಿಡ ಬಾಯಾರಿಯೇ ಇರುತ್ತದೆ. ಕುಂಡ ಎತ್ತಿದರೆ ಹಗುರ. ಆಗ ಅದನ್ನು ಅರ್ಧ ಗಂಟೆ ನೀರಿನ ಬಕೆಟ್‌ನಲ್ಲಿ ಕೂರಿಸಿ ತೆಗೆಯಿರಿ.

ಹಂತ 7: ಗೊಬ್ಬರ

ಚೀಲದ ಮೇಲಿನ ಮೂರು ಅಂಕಿಗಳನ್ನು ಓದಿ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಡೇರೆಗೆ ಮೊದಲ ಅಂಕಿ ಮೂರನೆಯದಕ್ಕಿಂತ ಚಿಕ್ಕದಿರಲಿ. 5-10-10 ತರಹದ್ದು, ಅಥವಾ ಟೊಮೆಟೊ ಗಿಡಕ್ಕೆಂದು ಸಿಗುವ ದ್ರವಗೊಬ್ಬರ ಹೊಂದುತ್ತದೆ. ಹುಲ್ಲುಹಾಸಿಗೆ ತಂದ ಗೊಬ್ಬರವನ್ನೋ ಯೂರಿಯಾವನ್ನೋ 'ಇದೆಯಲ್ಲ' ಎಂದು ಹಾಕಿದರೆ ಮೇಲೆ ಹೇಳಿದ ಎಲೆಯ ಕಾಡು ಸಿದ್ಧ.

ನೆಟ್ಟಾಗ ಬೆರೆಸಿದ ಕಾಂಪೋಸ್ಟ್ ಮೊದಲ ತಿಂಗಳಿಗೆ ಸಾಕು. ಚಿವುಟಿದ ಮೇಲೆ ಹೊಸ ಕೊಂಬೆಗಳು ಬೆರಳುದ್ದ ಬಂದಾಗ ಮೊದಲ ಕಂತು. ಅಲ್ಲಿಂದ ಎರಡು ವಾರಕ್ಕೊಮ್ಮೆ ಚೀಲದ ಮೇಲೆ ಹೇಳಿದ ಅಳತೆ, ಅಥವಾ ವಾರಕ್ಕೊಮ್ಮೆ ಅದರ ಅರ್ಧ. ಒಣ ಮಣ್ಣಿಗೆ ಗೊಬ್ಬರ ಬೇಡ. ಮೊದಲು ನೀರು, ಆಮೇಲೆ ಗೊಬ್ಬರ.

ಎಲೆಯ ಅಂಚು ಕಂದುಬಣ್ಣಕ್ಕೆ ತಿರುಗಿ ಸುಟ್ಟಂತಾದರೆ, ಮಣ್ಣಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿದರೆ ಲವಣ ಹೆಚ್ಚಾಗಿದೆ. ಗೊಬ್ಬರ ನಿಲ್ಲಿಸಿ. ಕುಂಡದ ಗಾತ್ರದ ಎರಡು ಪಟ್ಟು ಬರಿಯ ನೀರನ್ನು ನಿಧಾನವಾಗಿ ಹಾಯಿಸಿ ತೊಳೆಯಿರಿ. ಏನೂ ತೊಂದರೆ ಕಾಣದಿದ್ದರೂ ತಿಂಗಳಿಗೊಮ್ಮೆ ಹೀಗೆ ತೊಳೆಯುವುದು ಒಳ್ಳೆಯದು.

ಹಂತ 8: ಕಟ್ಟುವುದು, ಗಾಳಿ ಬಿಡುವುದು

ಗಿಡ ಮೊಣಕಾಲೆತ್ತರ ಬಂದಾಗ ಒಂದು ಕಟ್ಟು, ಆಮೇಲೆ ಒಂದಡಿಗೊಂದು. ದಾರವನ್ನು ಕಾಂಡ ಮತ್ತು ಕೋಲಿನ ನಡುವೆ ಎಂಟರ ಆಕಾರದಲ್ಲಿ ತಿರುಗಿಸಿ ಸಡಿಲವಾಗಿ ಬಿಗಿಯಿರಿ. ಬುಡದಿಂದ ಒಂದು ಗೇಣಿನವರೆಗಿನ ಎಲೆಗಳನ್ನು ಕತ್ತರಿಸಿ. ಅಲ್ಲಿ ಬಿಸಿಲು ತಾಗುವುದಿಲ್ಲ, ಬೂದಿ ರೋಗ ಹತ್ತುವುದು ಮೊದಲು ಅಲ್ಲಿಗೇ.

ಮೂರು ಮೊಗ್ಗಿನಲ್ಲಿ ಅಕ್ಕಪಕ್ಕದ ಎರಡನ್ನು ತೆಗೆಯಬೇಕು ಎಂಬ ಸಲಹೆಯನ್ನು ಎಲ್ಲೋ ಓದಿರುತ್ತೀರಿ. ಅದು ಒಂದೇ ಹೂವನ್ನು ದೊಡ್ಡದು ಮಾಡುವ ಪ್ರದರ್ಶನದವರ ದಾರಿ. ನಮಗೆ ಬೇಕಿರುವುದು ಸಂಖ್ಯೆ. ಪಕ್ಕದ ಮೊಗ್ಗುಗಳನ್ನು ಮುಟ್ಟಬೇಡಿ.

ಹಂತ 9: ಬಾಡಿದ ಹೂ ತೆಗೆಯುವುದು

ಹೂ ಬಾಡಿ ಬೀಜ ಕಟ್ಟಲು ಬಿಟ್ಟರೆ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ, ಹೊಸ ಮೊಗ್ಗು ಕಡಿಮೆಯಾಗುತ್ತದೆ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಕತ್ತರಿ ಹಿಡಿದು ಒಂದು ಸುತ್ತು ಹಾಕಲೇಬೇಕು. ಇದರಲ್ಲಿ ತೊಡಕು ಒಂದೇ: ಎಸಳುದುರಿದ ಹೂವೂ ಅರಳಲಿರುವ ಮೊಗ್ಗೂ ದೂರದಿಂದ ಅವಳಿಜವಳಿಯಂತೆ ಕಾಣುತ್ತವೆ. ಒಂದು ಮುಂಜಾನೆ ಕನ್ನಡಕ ಹಾಕದೆ ಹೋಗಿ, ಬಾಡಿದ್ದೆಂದು ಏಳು ಮೊಗ್ಗು ಕತ್ತರಿಸಿ ಬುಟ್ಟಿಗೆ ಹಾಕಿದ್ದೇನೆ. ಅಂದಿನಿಂದ ಕತ್ತರಿಗೆ ಮೊದಲು ಬೆರಳು.

ಮೊಗ್ಗು ಅಂಗಿಯ ಗುಂಡಿಯಂತೆ: ಗುಂಡಗೆ, ನೆತ್ತಿ ಚಪ್ಪಟೆ, ಒತ್ತಿದರೆ ಗಟ್ಟಿ. ಬಾಡಿದ ಹೂ ಎಸಳುದುರಿದ ಮೇಲೆ ಮತ್ತೆ ಮುಚ್ಚಿಕೊಂಡು ಶಂಕುವಿನಂತೆ ಮೇಲಕ್ಕೆ ಚೂಪಾಗುತ್ತದೆ. ಒತ್ತಿದರೆ ಮೆತ್ತಗೆ ಕುಸಿಯುತ್ತದೆ, ಕೆಲವೊಮ್ಮೆ ಬೆರಳಿಗೆ ನೀರು ಹತ್ತುತ್ತದೆ. ಚಪ್ಪಟೆಯಾದದ್ದನ್ನು ಬಿಡಿ, ಚೂಪಾದದ್ದನ್ನು ಕತ್ತರಿಸಿ.

ಎಲ್ಲಿಗೆ ಕತ್ತರಿಸಬೇಕೆಂಬುದು ಎರಡನೆಯ ಪ್ರಶ್ನೆ, ಮತ್ತು ಹೆಚ್ಚು ಮುಖ್ಯವಾದದ್ದು. ಹೂವಿನ ತಲೆಯನ್ನಷ್ಟೇ ಚಿವುಟಿ ಬರಿಯ ತೊಟ್ಟು ಬಿಟ್ಟರೆ ಅದು ಒಣಗಿ ಕಡ್ಡಿಯಾಗಿ ನಿಲ್ಲುತ್ತದೆ. ನಾನು ಎರಡು ಸಲಕ್ಕೆ ಮಾಡುತ್ತೇನೆ. ನಡುವಿನ ಹೂ ಬಾಡಿದಾಗ ಪಕ್ಕದ ಎರಡು ಮೊಗ್ಗುಗಳ ಮೇಲಕ್ಕೆ ಕತ್ತರಿಸಿ ಅವನ್ನು ಅರಳಲು ಬಿಡುತ್ತೇನೆ. ಅವೆರಡೂ ಮುಗಿದ ಮೇಲೆ ಅದೇ ಕೊಂಬೆಯನ್ನು ಬೆರಳಲ್ಲಿ ಸವರುತ್ತಾ ಕೆಳಗಿಳಿದು, ಕಂಕುಳಲ್ಲಿ ಹೊಸ ಚಿಗುರು ಕಾಣುವ ಎಲೆಜೋಡಿ ಸಿಕ್ಕಿದಲ್ಲಿ, ಅದರ ಮೇಲೆ ಪೂರ್ತಿ ಕತ್ತರಿಸುತ್ತೇನೆ. ಕೆಲವೊಮ್ಮೆ ಒಂದಡಿ ಕೊಂಬೆಯೇ ಹೋಗುತ್ತದೆ. ಹೋಗಲಿ, ಆ ಗೆಣ್ಣಿನಿಂದ ಎರಡು ಹೊಸ ಕೊಂಬೆ ಬರುತ್ತವೆ. ಇದು ಐದನೆಯ ಹಂತದ ಚಿವುಟುವಿಕೆಯೇ, ಹೂವಿನ ಕಾಲದುದ್ದಕ್ಕೂ ನಡೆಯುವಂಥದ್ದು.

ಹೂದಾನಿಗೆಂದು ಕೊಯ್ದರೂ ಗಿಡಕ್ಕೆ ಇದೇ ಲಾಭ. ಮುಕ್ಕಾಲು ಅರಳಿದ ಹೂವನ್ನೇ ಕೊಯ್ಯಿರಿ, ಬಿಗಿ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ. ಉದ್ದ ತೊಟ್ಟು ಬೇಕೆಂದರೆ ಪಕ್ಕದ ಮೊಗ್ಗುಗಳನ್ನು ಕಳೆದುಕೊಳ್ಳುತ್ತೀರಿ. ಆ ವ್ಯಾಪಾರಕ್ಕೆ ನಾನು ಒಮ್ಮೊಮ್ಮೆ ಒಪ್ಪುತ್ತೇನೆ.

ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ.

ಹಂತ 10: ಮೊಗ್ಗು ಕದಿಯುವವರು

ಎಸಳಿನ ಅಂಚಿನಲ್ಲಿ ಕಂದು ಗೀರು, ಸೊಟ್ಟಗೆ ಅರಳುವ ಹೂ, ಅರಳದೆ ಒಣಗುವ ಮೊಗ್ಗು ಕಂಡರೆ ಥ್ರಿಪ್ಸ್ ನುಸಿಯನ್ನು ಸಂಶಯಿಸಿ. ಬಿಳಿ ಕಾಗದದ ಮೇಲೆ ಹೂವನ್ನು ನಾಲ್ಕು ಸಲ ತಟ್ಟಿ. ದಾರದ ಚೂರಿನಂಥವು ಹರಿದಾಡಿದರೆ ಥ್ರಿಪ್ಸ್. ಎಲೆಯನ್ನು ತಟ್ಟಿದಾಗ ಚುಕ್ಕೆಗಳು ನಿಧಾನವಾಗಿ ನಡೆದರೆ ಕೆಂಪು ಜೇಡ ನುಸಿ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಹಳದಿ ಚುಕ್ಕೆಗಳು ಅದರ ಗುರುತು, ಒಣ ಸೆಕೆ ಅದಕ್ಕೆ ಹಬ್ಬ. ಎಲೆಯ ಅಡಿಭಾಗಕ್ಕೆ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ರಭಸವಾಗಿ ನೀರು ಹಾಯಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಮುಂದುವರಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ದ್ರವ ಸೋಪು. ಮೊದಲು ಒಂದೆರಡು ಎಲೆಗೆ ಮಾತ್ರ ಸಿಂಪಡಿಸಿ, ಮರುದಿನ ಎಲೆ ಸುಡದಿದ್ದರೆ ಉಳಿದದ್ದಕ್ಕೆ. ಸಂಜೆ, ಜೇನ್ನೊಣಗಳು ಹೋದ ಮೇಲೆ, ಅರಳಿದ ಹೂವಿಗೆ ತಾಗದಂತೆ. ಥ್ರಿಪ್ಸ್ ಹತ್ತಿದ ಹೂ, ಮೊಗ್ಗುಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯದಿದ್ದರೆ ಯಾವ ಸಿಂಪಡಣೆಯೂ ನಿಲ್ಲುವುದಿಲ್ಲ.

ಎಳೆ ಚಿಗುರನ್ನು ರಾತ್ರೋರಾತ್ರಿ ಬೋಳು ಮಾಡುವುದು ಬಸವನಹುಳು. ಟಾರ್ಚ್ ಹಿಡಿದು ಹೋಗಿ ಕೈಯಲ್ಲಿ ಆರಿಸಿ.

ಎಲೆಯ ನರಗಳುದ್ದಕ್ಕೂ ಹಳದಿ ಪಟ್ಟಿ, ಸುರುಟಿದ ಎಲೆ, ವಾರಗಳಾದರೂ ಮೇಲೇಳದ ಗಿಡ: ಇವು ವೈರಸ್‌ನ ಗುರುತುಗಳು. ಇದಕ್ಕೆ ಮದ್ದಿಲ್ಲ. ಗಡ್ಡೆ ಸಮೇತ ಕಿತ್ತು ಎಸೆಯಿರಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಹಂತ 11: ಎಲ್ಲ ಮಾಡಿಯೂ ಹೂ ಬರಲಿಲ್ಲವೇ?

ಮೊದಲು ದಿನ ಎಣಿಸಿ. ಗಡ್ಡೆ ನೆಟ್ಟ ಮೇಲೆ ಮೊದಲ ಹೂವಿಗೆ ತಳಿಯನ್ನು ನೋಡಿಕೊಂಡು ಎರಡರಿಂದ ಮೂರು ತಿಂಗಳು ಬೇಕು. ಚಿವುಟಿದ್ದರೆ ಅದರ ಮೇಲೆ ಎರಡು ಮೂರು ವಾರ. ಐವತ್ತನೆಯ ದಿನ ಗಿಡವನ್ನು ಬೈಯುವುದು ನ್ಯಾಯವಲ್ಲ.

ದಿನ ಮುಗಿದಿದ್ದರೆ ಗಿಡದ ರೂಪವನ್ನೇ ಓದಿ. ಎಲೆ ದೊಡ್ಡದು, ಕಡುಹಸಿರು, ಮೊಗ್ಗಿಲ್ಲ: ಸಾರಜನಕ ಹೆಚ್ಚು. ಗೊಬ್ಬರ ನಿಲ್ಲಿಸಿ, ಕುಂಡ ತೊಳೆದು, ಮೂರು ವಾರ ಕಾಯಿರಿ. ಸಪೂರವಾಗಿ ಉದ್ದ ಬೆಳೆದಿದೆ: ಬಿಸಿಲು ಕಡಿಮೆ. ಮೊಗ್ಗು ಬಟಾಣಿಗಾತ್ರ ಬಂದು ಕಪ್ಪಾಗಿ ಉದುರುತ್ತದೆ: ಒಮ್ಮೆ ಒಣ, ಒಮ್ಮೆ ಕೆಸರು ಎಂಬಂಥ ನೀರಿನ ಏರುಪೇರು, ಇಲ್ಲವೇ ಥ್ರಿಪ್ಸ್. ಹಾಕಿದ ನೀರು ನಿಲ್ಲದೆ ಓಡುತ್ತದೆ, ತಳದ ತೂತಿನಿಂದ ಬೇರು ಇಣುಕುತ್ತಿದೆ: ಕುಂಡ ಚಿಕ್ಕದಾಗಿದೆ. ಬೇರಿನ ಮುದ್ದೆಯನ್ನು ಕೆದರದೆ ಹಾಗೇ ಎತ್ತಿ ಎರಡು ಅಳತೆ ದೊಡ್ಡ ಕುಂಡಕ್ಕೆ ಇಳಿಸಿ.

ಮೊದಲು ತುಂಬಿಕೊಂಡು ಬರುತ್ತಿದ್ದ ಹೂವಿನ ನಡುವೆ ಈಗ ಹಳದಿ ಕಣ್ಣು ತೆರೆದು ಕಾಣುತ್ತಿದ್ದರೆ ಗಿಡ ಸೆಕೆಯಿಂದಲೋ ಬಳಲಿಕೆಯಿಂದಲೋ ಸೋತಿದೆ, ಅಥವಾ ಹಗಲು ಚಿಕ್ಕದಾಗುತ್ತಿದೆ. ಸೋತ ಗಿಡದ ಕೊಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ನೀರು ಗೊಬ್ಬರ ಸರಿಮಾಡಿದರೆ ಇನ್ನೊಂದು ಸುತ್ತು ಬರಬಹುದು. ಹಗಲು ಚಿಕ್ಕದಾಗಿರುವುದೇ ಕಾರಣವಾದರೆ ಕತ್ತರಿಯೂ ಕೆಲಸ ಮಾಡದು. ಹಗಲಿನ ಬೆಳಕು 12 ಗಂಟೆಗಿಂತ ಇಳಿಯುತ್ತಿದ್ದಂತೆ ಡೇರೆಯ ಗಮನ ಹೂವಿನಿಂದ ಗಡ್ಡೆಯತ್ತ ತಿರುಗುತ್ತದೆ.

ಹಂತ 12: ಹೂವಿನ ಕಾಲ ಮುಗಿಯುವಾಗ

ಹೂ ಇಳಿಮುಖವಾಗುವ ಒಂದು ತಿಂಗಳು ಮೊದಲೇ ಗೊಬ್ಬರ ನಿಲ್ಲಿಸಿ. ಎಲೆ ಹಳದಿಯಾದಂತೆ ನೀರು ಕಡಿಮೆ ಮಾಡಿ, ಗಿಡ ಒಣಗಿದ ಮೇಲೆ ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ಕುಂಡವನ್ನು ಮಳೆ ಬೀಳದ, ತಂಪಾದ ಮೂಲೆಗೆ ಸರಿಸಿ ಹಾಗೇ ಬಿಡಬಹುದು. ಇಲ್ಲವೇ ಗಡ್ಡೆ ತೆಗೆದು, ಮಣ್ಣು ಕೊಡವಿ, ಸ್ವಲ್ಪವೇ ತೇವವಿರುವ ನಾರಿನ ಪುಡಿಯಲ್ಲಿ ಮುಚ್ಚಿಡಿ. ಮುಂದಿನ ಸಲ ಹಳೆಯ ಮಣ್ಣಿನಲ್ಲೇ ನೆಡಬೇಡಿ.

ಕೊನೆಯ ಹೂ ಗಿಡದಲ್ಲಿ ಇರುವಾಗಲೇ ಬಣ್ಣ, ಎತ್ತರ, ಚಿವುಟಿದ ದಿನ, ಮೊದಲ ಹೂ ಬಂದ ದಿನ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಕಾಂಡಕ್ಕೆ ಕಟ್ಟಿ. ಪೆನ್ನಿನ ಶಾಯಿ ಅಳಿಸಿಹೋಗುತ್ತದೆ, ಒಣಗಿದ ಮೇಲೆ ಕೆಂಪು ಡೇರೆಯ ಗಡ್ಡೆಯೂ ಬಿಳಿ ಡೇರೆಯ ಗಡ್ಡೆಯೂ ಒಂದೇ ತರಹ.